ಮಡಿಲಲ್ಲಿ ಆಡಿದ ಮಾತು

ಮಾರ್ಚ್ ೪, ಸೋಮವಾರ

ಇವತ್ತು ಕೋರ್ಟಿನಲ್ಲಿ ನನ್ನ ಬೆರಳುಗಳು ಕೈಕೊಟ್ಟವು. ಹೀಗೆ ಬರೆದು ನನಗೇ ನಗು ಬಂತು, ಆದರೆ ಅಲ್ಲಿ ಯಾರಿಗೂ ನಗು ಬರಲಿಲ್ಲ.

ಸಾಕ್ಷಿ ಹೇಳಲು ಬಂದವರು ಕಿವಿ ಕೇಳದ ಒಬ್ಬ ಹಿರಿಯರು. ವಕೀಲರ ಪ್ರಶ್ನೆಯನ್ನು ಅವರಿಗೆ ಕೈಮಾತಿನಲ್ಲಿ ದಾಟಿಸುವುದು, ಅವರ ಉತ್ತರವನ್ನು ಬಾಯಲ್ಲಿ ಹೇಳುವುದು ನನ್ನ ಕೆಲಸ. ಕೋರ್ಟು, ಆಸ್ಪತ್ರೆ, ಕಚೇರಿ ಎಂದು ಅಲೆದು ಇದೊಂದನ್ನೇ ಹೊಟ್ಟೆಪಾಡು ಮಾಡಿಕೊಂಡವಳು ನಾನು. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ನನಗೆ ಬಾಯಿಗಿಂತ ಮೊದಲು ಕೈಯಲ್ಲಿ ಮಾತು ಬಂದಿತ್ತು. ಅಂಥ ಕೈ ಇವತ್ತು ಅವರ ಎದುರು ತೊದಲಿತು. "ಏನಂದ್ರಿ? ಇನ್ನೊಂದ್ಸಲ" ಎಂದು ಅವರು ಮತ್ತೆ ಮತ್ತೆ ಕೇಳಿದರು. ಕೊನೆಗೆ ನ್ಯಾಯಾಧೀಶರೇ ನನ್ನನ್ನು ಕೂರಿಸಿ, ಹೊರಗೆ ತನ್ನ ಸರದಿಗೆ ಕಾಯುತ್ತಿದ್ದ ಕಂಬನನ್ನು ಕರೆಸಿದರು.

ಕಂಬ ಎಂಬುದು ನಾನೇ ಇಟ್ಟ ಹೆಸರು. ನನ್ನ ಕೈಕೆಳಗೇ ಕೆಲಸ ಕಲಿತು ಈಗ ತಲೆ ನರೆತವನು. ನೆಟ್ಟಗೆ ನಿಂತು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, ಕೇಳಿದ್ದೆಲ್ಲವನ್ನೂ ದಾಟಿಸುತ್ತಾನೆ. ಅವನು ನನ್ನ ಜಾಗದಲ್ಲಿ ನಿಂತದ್ದನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ.

ಈಚೆಗೆ ರವಿಕೆಯ ಹುಕ್ಕು ಹಾಕಲು ಆಗುತ್ತಿಲ್ಲ. ಲೋಟ ಜಾರುತ್ತದೆ. ಮೆಟ್ಟಿಲು ಇಳಿಯುವಾಗ ಕಾಲು ಮರದ ಹಾಗೆ ಬಿಗಿಯುತ್ತದೆ. ವಯಸ್ಸು, ಸುಸ್ತು, ಚಳಿ ಎಂದು ಏನೇನೋ ನೆಪ ಹೇಳಿಕೊಂಡು ಬಂದೆ. ಈ ಬರಹವೂ ಕೋಳಿ ಕೆದಕಿದ ಹಾಗಿದೆ. ಕುತ್ತಿಗೆಯ ಸ್ಕ್ಯಾನ್ ಆಗಿದೆ, ನಾಡಿದ್ದು ದೊಡ್ಡ ಡಾಕ್ಟರನ್ನು ಕಾಣಬೇಕು.

ಮಾರ್ಚ್ ೬, ಬುಧವಾರ

ಇವರನ್ನೂ ಕರೆದುಕೊಂಡು ಹೋಗಿದ್ದೆ. ಇವರು ಹುಟ್ಟಾ ಕಿವುಡರಲ್ಲ. ಬೀಗ ರಿಪೇರಿ ಕಲಿಯುವ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಯಿತು. ಕೈಮಾತು ಕಲಿಯಲು ಕಿವುಡರ ಸಂಘಕ್ಕೆ ಬಂದರು, ಕಲಿಸುತ್ತಿದ್ದವಳು ನಾನು, ಮದುವೆಯಾಯಿತು. ಬಾಯಲ್ಲಿ ಮಾತು ಇದೆ, ಆದರೆ ಎಷ್ಟು ಗಟ್ಟಿ ಎಂದು ಅವರಿಗೇ ತಿಳಿಯದು. ಅಂಗಡಿ ಕೌಂಟರಿನಲ್ಲಿ ಇವರು ಬಾಯಿ ಬಿಟ್ಟರೆ ಸಾಲಿನಲ್ಲಿರುವವರೆಲ್ಲ ತಿರುಗುತ್ತಾರೆ. ಅದಕ್ಕೇ ಎಲ್ಲ ಕಡೆ ನಾನೇ ಮಾತಾಡುವುದು.

ಡಾಕ್ಟರು ಸ್ಕ್ಯಾನನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಹೇಳಿದರು: "ಕುತ್ತಿಗೆ ಮೂಳೆಗಳ ಹಿಂದೆ ಒಂದು ಪಟ್ಟಿ ಇರುತ್ತೆ, ಮೂಳೆಗಳನ್ನ ಒಟ್ಟಿಗೆ ಹಿಡ್ಕೊಳ್ಳೋದು. ಮೆತ್ತಗಿರಬೇಕು. ನಿಮ್ಮಲ್ಲಿ ಅದು ಗಟ್ಟಿಯಾಗಿ ಮೂಳೇನೇ ಆಗ್ಬಿಟ್ಟಿದೆ. ಅದು ಬೆನ್ನುಹುರೀನ ಒತ್ತುತಿದೆ. ಅದಕ್ಕೇ ಕೈಕಾಲು ಹೀಗೆ."

ನಾನು ಇವರಿಗೆ ದಾಟಿಸಿದೆ. ನನ್ನ ಕಾಯಿಲೆಗೆ ನಾನೇ ದುಭಾಷಿ.

ಮುಂದಿನಿಂದ ಹೋಗಿ ಆ ಗಟ್ಟಿಯನ್ನು ಕೆತ್ತಿ ತೆಗೆಯುವುದು ನನ್ನ ಕುತ್ತಿಗೆಗೆ ಅಪಾಯವಂತೆ. ಹಿಂದಿನಿಂದ ಹೋಗಿ, ಹುರಿಯ ಮೇಲಿರುವ ಮೂಳೆಯ ಕಮಾನುಗಳನ್ನು ಬಾಗಿಲು ತೆರೆದ ಹಾಗೆ ತೆರೆಯುತ್ತಾರಂತೆ. ಒಂದು ಬದಿ ಕೀಲು, ಇನ್ನೊಂದು ಬದಿ ತೆರೆದೇ ಇರುತ್ತದೆ. ಹುರಿ ಹಿಂದಕ್ಕೆ ಸರಿದು ಉಸಿರಾಡಿಕೊಳ್ಳುತ್ತದೆ. ಇದನ್ನು ಹೇಳಿದಾಗ ಇವರ ಕಣ್ಣರಳಿತು. ಇಡೀ ಕೋಣೆ ನಡುಗುವಂತೆ ಬಾಯಲ್ಲೇ ಕೇಳಿದರು: "ಬಾಗಿಲು ತಾನಾಗೇ ಮುಚ್ಕೊಂಡ್ರೆ?"

"ಸರಿಯಾಗಿ ಕೇಳಿದ್ರಿ" ಎಂದು ಡಾಕ್ಟರು ನಕ್ಕರು. "ಮುಚ್ಕೋಬಾರದು ಅಂತ್ಲೇ ಲೋಹದ ಚಿಕ್ಕ ಪಟ್ಟಿ ಇಟ್ಟು ಸ್ಕ್ರೂ ಹಾಕ್ತೀವಿ."

ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅಂದರು: "ಒಂದು ಮಾತು ನೇರವಾಗಿ ಹೇಳ್ತೀನಿ. ನೀವು ತಡವಾಗಿ ಬಂದಿದೀರಿ, ಹುರೀಲಿ ಗುರುತು ಬಿದ್ದಿದೆ. ಆಪರೇಷನ್ ಮುಖ್ಯವಾಗಿ ಇನ್ನು ಕೆಡದ ಹಾಗೆ ತಡೆಯೋಕೆ. ಹೋಗಿರೋದ್ರಲ್ಲಿ ಅರ್ಧ ವಾಪಸ್ ಬಂದ್ರೆ ಒಳ್ಳೇದು ಅನ್ಕೋಬೇಕು. ಕೆಲವರಿಗೆ ಆಮೇಲೆ ಒಂದು ಕಡೆ ತೋಳು ಎತ್ತೋಕಾಗಲ್ಲ, ಹೆಚ್ಚಿನವರಿಗೆ ತಿಂಗಳುಗಟ್ಟಲೆ ಆದ್ಮೇಲೆ ಸರಿಹೋಗುತ್ತೆ. ತುಂಬ ಅಪರೂಪಕ್ಕೆ ಈಗಿರೋದಕ್ಕಿಂತ ಕೆಡೋದೂ ಉಂಟು. ಯಜಮಾನ್ರಿಗೂ ಹೇಳಿ."

ಇವರು ನನ್ನ ಕೈಯನ್ನೇ ನೋಡುತ್ತಿದ್ದರು.

"ಸ್ವಲ್ಪ ದಿನ ಕತ್ತಿಗೆ ಪಟ್ಟಿ ಹಾಕ್ಕೋಬೇಕಂತೆ. ಮಳೆಗಾಲಕ್ಕೆ ಮೊದಲಿನ ಹಾಗೆ ಆಗ್ತೀನಂತೆ" ಎಂದೆ. ಇವರು ಡಾಕ್ಟರಿಗೆ ಕೈಮುಗಿದರು. ಡಾಕ್ಟರು, ಎಲ್ಲ ತಿಳಿದೂ ಎಷ್ಟು ಧೈರ್ಯವಂತ ಮನುಷ್ಯ ಎಂದುಕೊಂಡಿರಬೇಕು.

ಬೇರೆಯವರ ಮನೆಯ ಎಂಥೆಂಥ ಕೆಟ್ಟ ಸುದ್ದಿಗಳನ್ನು ಒಂದಕ್ಷರ ಬಿಡದೆ ದಾಟಿಸಿದವಳು ನಾನು. ಇವರು ಸುಮ್ಮನೆ ಹೆದರಿ ಊಟ ಬಿಡುತ್ತಾರೆ. ನನ್ನ ಕಾಯಿಲೆ, ಎಷ್ಟು ಹೇಳಬೇಕೆಂದು ತೀರ್ಮಾನಿಸುವವಳೂ ನಾನೇ. ಸಾಕು, ಬೆರಳು ಸೋತಿತು.

ಮಾರ್ಚ್ ೧೨, ಮಂಗಳವಾರ

ಮಳೆಗಾಲಕ್ಕೆ ಸಂಘದ ಹೊಸ ತರಗತಿಗೆ ನಾನೇ ಕಲಿಸುತ್ತೇನೆಂದು ಇವರು ಮಾತು ಕೊಟ್ಟು ಬಂದಿದ್ದಾರೆ. ಬೀಗ ಸರಿಮಾಡಿಸಲು ಬಂದವರಿಗೆಲ್ಲ ನನ್ನ ಕುತ್ತಿಗೆಯ ಬಾಗಿಲು, ಕೀಲು, ಸ್ಕ್ರೂಗಳ ವಿವರಣೆ ನಡೆದಿದೆ. ಇವರ ಹುಮ್ಮಸ್ಸು ನೋಡಿ ಸುಸ್ತಾಯಿತು.

ಮಾರ್ಚ್ ೧೯, ಮಂಗಳವಾರ

ಆಸ್ಪತ್ರೆಗೆ ಸೇರಿದೆ. ಪಕ್ಕದ ಮಂಚದಲ್ಲಿ ನನ್ನದೇ ಕಾಯಿಲೆಯ ಬಸ್ ಕಂಡಕ್ಟರಮ್ಮ. ಚಿಲ್ಲರೆ ಎಣಿಸುವಾಗ ನಾಣ್ಯ ಜಾರತೊಡಗಿತು ಅಂತ ಆ ವಾರವೇ ಓಡಿ ಬಂದಳಂತೆ. "ನೀವ್ಯಾಕೆ ಇಷ್ಟು ದಿನ ಸುಮ್ನಿದ್ರಿ?" ಎಂದು ಕೇಳಿದಳು. ಬೈಯುವವರಿಗೇನು, ಸಲೀಸು. ಗೋಡೆ ಕಡೆ ತಿರುಗಿ ಮಲಗಿದೆ.

ಮಾರ್ಚ್ ೨೧, ಗುರುವಾರ

ಆಯಿತು. ಬದುಕಿದ್ದೇನೆ. ಕುತ್ತಿಗೆ ನನ್ನದಲ್ಲ.

ಮಾರ್ಚ್ ೨೪, ಭಾನುವಾರ

ಹಾಸಿಗೆಯ ಮೇಲೆ ಅಡ್ಡ ಹಲಗೆ ಇಟ್ಟುಕೊಂಡು, ತೋಳನ್ನು ಅದರ ಮೇಲೆ ಚೆಲ್ಲಿಕೊಂಡು ಬರೆಯುತ್ತಿದ್ದೇನೆ. ಬೆರಳು ಆಡುತ್ತವೆ. ಆದರೆ ನಿನ್ನೆ ಬೆಳಿಗ್ಗೆಯಿಂದ ಬಲತೋಳು ಮೇಲೇಳುತ್ತಿಲ್ಲ. ಭುಜಕ್ಕೆ ಎಷ್ಟು ಹೇಳಿದರೂ ಅದು ಕೇಳುವುದಿಲ್ಲ.

ಇವರು ಅದನ್ನು ನೋಡಿದ್ದೇ ತಡ, ವಾರ್ಡೆಲ್ಲ ಎದ್ದು ಕೂರುವಂತೆ ಡಾಕ್ಟರ ಮೇಲೆ ಕೂಗಾಡಿದರು. "ಏನ್ ಮಾಡಿದ್ರಿ ನನ್ ಹೆಂಡ್ತಿ ಕೈನ? ಸರಿಮಾಡ್ತೀನಿ ಅಂದ್ರಲ್ಲ, ಇದೇನಾ ಸರಿಮಾಡೋದು?" ನಾನು ತಡೆಯಲು ಹೋದೆ, ತೋಳು ಏಳಲಿಲ್ಲ. ತೋಳಿಲ್ಲದೆ ಇವರಿಗೆ ಸುಮ್ಮನಿರಿ ಎನ್ನುವುದು ಹೇಗೆ?

ಗ್ರಹಚಾರಕ್ಕೆ ಆಗ ಕಂಬ ನನ್ನನ್ನು ನೋಡಲು ಹಣ್ಣು ಹಿಡಿದು ಬಂದಿದ್ದ. ಡಾಕ್ಟರು ಸಿಟ್ಟು ಮಾಡಲಿಲ್ಲ. "ನಾನು ಆವತ್ತೇ ಹೇಳಿದ್ನಲ್ಲ. ಕೆಲವರಿಗೆ ಹೀಗಾಗುತ್ತೆ, ನಿಧಾನಕ್ಕೆ ಬರುತ್ತೆ ಅಂತ. ಪೂರ್ತಿ ಮೊದಲಿನ ಹಾಗೆ ಆಗಲ್ಲ ಅಂತಾನೂ ಹೇಳಿದ್ದೆ. ನಿಮ್ಮ ಮನೆಯವರೇ ನಿಮಗೆ ಹೇಳಿದ್ರು" ಎಂದರು. ಕಂಬ ಹಣ್ಣಿನ ಚೀಲ ಕೆಳಗಿಟ್ಟು, ನೆಟ್ಟಗೆ ನಿಂತು, ಒಂದಕ್ಷರ ಬಿಡದೆ ದಾಟಿಸಿದ. ಅವನಿಗೆ ಕಣ್ಸನ್ನೆ ಮಾಡಿದೆ, ನೋಡಲಿಲ್ಲ. ಕೆಲಸದಲ್ಲಿರುವಾಗ ಯಾರ ಕಣ್ಸನ್ನೆಯನ್ನೂ ನೋಡಬೇಡ ಎಂದು ಕಲಿಸಿದವಳು ನಾನೇ, ಹಾಳಾಗಲಿ.

ಇವರು ಡಾಕ್ಟರನ್ನು ಬಿಟ್ಟು ನನ್ನ ಕಡೆ ತಿರುಗಿದರು. ಕೂಗಲಿಲ್ಲ. ಸ್ಟೂಲ್ ಎಳೆದು ಕೂತು ಕಣ್ಣು ಮುಚ್ಚಿಕೊಂಡರು. ಕೈಮಾತಿನವರ ಮನೆಯಲ್ಲಿ ಕಣ್ಣು ಮುಚ್ಚುವುದೆಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಇಷ್ಟು ವರ್ಷದಲ್ಲಿ ಇವರು ಒಮ್ಮೆಯೂ ನನ್ನೆದುರು ಹಾಗೆ ಮಾಡಿರಲಿಲ್ಲ.

ಮಾರ್ಚ್ ೨೫, ಸೋಮವಾರ

ಇವರು ಬಂದರು, ಗಂಜಿ ಕುಡಿಸಿದರು, ಹೋದರು. ಕೈ ಜೇಬಿನಲ್ಲೇ ಇತ್ತು.

ಏಪ್ರಿಲ್ ೨, ಮಂಗಳವಾರ

ಮನೆಗೆ ಬಂದೆ. ಇವರು ಕೊನೆಗೂ ಮಾತಾಡಿದರು, ಅದೂ ಏನು, "ಇನ್ಮೇಲೆ ಡಾಕ್ಟರ ಹತ್ರ ಹೋಗುವಾಗೆಲ್ಲ ಕಂಬ ಬರ್ತಾನೆ. ಹೇಳಿಟ್ಟಿದೀನಿ."

ನನ್ನದೇ ಕುತ್ತಿಗೆ, ನನ್ನದೇ ಗಂಡ, ನಡುವೆ ಕಂಬ. ಈ ವಯಸ್ಸಿಗೆ ಇದೊಂದು ಅವಮಾನ ಬಾಕಿ ಇತ್ತು. ನನಗೆ ಅಳು ಬಂತು. ಕಣ್ಣೊರೆಸಿಕೊಳ್ಳಲು ಎಡಗೈ ಬೇಕಾಯಿತು.

ಏಪ್ರಿಲ್ ೧೦, ಬುಧವಾರ

ಬೆಳಿಗ್ಗೆ ವ್ಯಾಯಾಮದವಳು ಬಂದು ತೋಳನ್ನು ಮೇಜಿನ ಮೇಲೆ ಒರೆಸುವ ಬಟ್ಟೆಯ ಜೊತೆ ಹಿಂದೆ ಮುಂದೆ ಜಾರಿಸುತ್ತಾಳೆ. "ಅಮ್ಮ, ಇನ್ನೊಂಚೂರು, ಅಷ್ಟೇ, ಅಷ್ಟೇ" ಎನ್ನುತ್ತಾಳೆ. ಅವಳ ಅಷ್ಟೇ ಮುಗಿಯುವುದೇ ಇಲ್ಲ. ಮೇಜು ಮಾತ್ರ ಚೆನ್ನಾಗಿ ಹೊಳೆಯುತ್ತಿದೆ.

ತೋಳೆತ್ತಲಾಗದ್ದರಿಂದ ಕೈಗಳನ್ನು ಮಡಿಲಲ್ಲಿಟ್ಟುಕೊಂಡೇ ಮಾತಾಡಬೇಕು. ಎದೆಯ ಹತ್ತಿರ, ಮುಖದ ಹತ್ತಿರ ಆಡಬೇಕಾದ ಮಾತೆಲ್ಲ ಮೊಣಕಾಲ ಮೇಲೆ ಬಿದ್ದಿರುತ್ತದೆ. ನಿಂತವರಿಗೆ ಕಾಣುವುದಿಲ್ಲ. ಇವರು ಅಂಗಡಿಯಿಂದ ಗಿಡ್ಡ ಸ್ಟೂಲ್ ತಂದುಕೊಂಡಿದ್ದಾರೆ. ನನ್ನ ಮೇಲೆ ಸಿಟ್ಟಿದ್ದರೂ, ನಾನು ಕೈ ಅಲುಗಿಸಿದರೆ ಬಂದು ಅದರ ಮೇಲೆ ಕೂರುತ್ತಾರೆ. ಕೂತು, "ಏನು" ಎನ್ನುತ್ತಾರೆ. ಹೆಚ್ಚಿನ ಸಲ ನೀರು ಬೇಕು ಅಂತಷ್ಟೇ ಇರುತ್ತದೆ.

ಯಾವುದೂ ಸುಧಾರಿಸಿಲ್ಲ. ಇವತ್ತು ಮೊಟ್ಟೆ ಸುಲಿದೆ, ಸಿಪ್ಪೆ ಅಂಟಿಕೊಂಡು ಅರ್ಧ ಬಿಳಿಯೇ ಹೋಯಿತು.

ಮೇ ೫, ಭಾನುವಾರ

ಜಗಳವಾಯಿತು. ಸಂಘದವರು ತರಗತಿಯ ದಿನ ಕೇಳಲು ಬಂದಿದ್ದರು. ಇವರು ಅವರನ್ನು ಬಾಗಿಲಲ್ಲೇ ನಿಲ್ಲಿಸಿ, "ಈ ವರ್ಷ ಆಗಲ್ಲ. ಆಗುತ್ತೆ ಅಂತ ನಾನು ತಪ್ಪು ತಿಳ್ಕೊಂಡಿದ್ದೆ" ಎಂದು ಕಳಿಸಿದರು. ಒಳಗೆ ಬಂದ ಮೇಲೆ ನಾನೇ ಕೆದಕಿದೆ.

"ನೀವು ಹೆದರ್ತೀರಿ ಅಂತ ಹೇಳಲಿಲ್ಲ."

ಇವರು ಸ್ಟೂಲ್ ಮೇಲೆ ಕೂತಿದ್ದವರು ಎದ್ದು ನಿಂತರು. "ಹೆದರೋಕೂ ನಿನ್ನ ಅಪ್ಪಣೆ ಬೇಕಾ ನನಗೆ?" ಕೈಗಳು ಗಾಳಿಯನ್ನು ಸೀಳುತ್ತಿದ್ದವು. "ಆಪರೇಷನ್ ದಿನ ಹೊರಗೆ ಕೂತು ಪಕ್ಕದೋರ ಜೊತೆ ನಗ್ತಾ ಇದ್ದೆ. ಕಂಡಕ್ಟರಮ್ಮನ ಗಂಡ ಅಳ್ತಾ ಕೂತಿದ್ದ. ಎಂಥ ಪುಕ್ಕಲ ಅನ್ಕೊಂಡೆ. ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನೀನು ಒಳಗೆ ಸತ್ತಿದ್ರೂ ನಾನು ನಗ್ತಾನೇ ಇರ್ತಿದ್ದೆ."

ಏನಾದರೂ ಹೇಳಬೇಕಿತ್ತು. ಕೈ ಮಡಿಲಲ್ಲೇ ಇತ್ತು. ತೋಳು ಏಳದ ನೆಪ ಇದ್ದದ್ದೇ ಒಳ್ಳೆಯದಾಯಿತು.

ಸಂಜೆ ಇವರು ಅಂಗಡಿಗೆ ಹೋದ ಮೇಲೆ ರವಿಕೆ ಬದಲಿಸಿ, ಹುಕ್ಕು ಹಾಕಿಕೊಂಡು, ಸುಮ್ಮನೆ ಕೂತೆ. ಯಾವ ಕೆಲಸಕ್ಕೂ ಮನಸ್ಸಿಲ್ಲ.

ಜೂನ್ ೧೪, ಶುಕ್ರವಾರ

ಕಂಡಕ್ಟರಮ್ಮ ಯೂನಿಫಾರಮ್ಮಿನಲ್ಲೇ ನೋಡಲು ಬಂದಳು. ಮತ್ತೆ ಬಸ್ಸು ಹತ್ತಿದ್ದಾಳೆ. ಟಿಕೆಟ್ ಹರಿಯುವುದು, ಚಿಲ್ಲರೆ ಕೊಡುವುದು, ಯಾವುದಕ್ಕೂ ತೊಂದರೆ ಇಲ್ಲವಂತೆ. "ಕತ್ತು ಮಾತ್ರ ಮೊದಲಿನಷ್ಟು ತಿರುಗಲ್ಲ. ಹಿಂದಿನ ಬಾಗಿಲಲ್ಲಿ ಟಿಕೆಟ್ ಇಲ್ಲದೆ ಹತ್ತಿದೋರನ್ನ ಹಿಡಿಯೋಕೆ ಇಡೀ ಮೈ ತಿರುಗಿಸ್ಬೇಕು, ಅಷ್ಟೊತ್ತಿಗೆ ಅವರು ಇಳಿದಿರ್ತಾರೆ" ಎಂದು ನಕ್ಕಳು. ನನಗೆ ಹೊಟ್ಟೆ ಉರಿಯಿತು. ಅವಳೇನು ಮಾಡಿಯಾಳು, ಬೇಗ ಬಂದಳು, ಬೇಗ ಸರಿಹೋದಳು. ಆದರೂ ಉರಿಯಿತು. ಅವಳು ತಂದ ಬಿಸ್ಕತ್ತನ್ನು ನಾಳೆ ತಿಂದರಾಯಿತು.

ಹೋಗುವಾಗ ನನ್ನ ತೋಳನ್ನು ನೋಡಿ, "ಅರೆ, ಎದೆ ತನಕ ಬರ್ತಿದೆಯಲ್ಲ" ಎಂದಳು. ಅವಳಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಜುಲೈ ೧೬, ಮಂಗಳವಾರ

ಕರೆಂಟ್ ಬಿಲ್ಲು ತಪ್ಪು ಬಂದಿತ್ತು. ಇಬ್ಬರೂ ಕಚೇರಿಗೆ ಹೋದೆವು. ಮೆಟ್ಟಿಲು ಹತ್ತಿ ಸಾಕಾಗಿ ಬೆಂಚಿನ ಮೇಲೆ ಕೂತುಬಿಟ್ಟೆ. ಇವರೇ ಕೌಂಟರಿಗೆ ಹೋಗಿ ಮಾತಾಡಿದರು. ಇಡೀ ಕಚೇರಿಗೆ ನಮ್ಮ ಮೀಟರಿನ ಕಥೆ ಗೊತ್ತಾಯಿತು. ಗುಮಾಸ್ತ ಚೀಟಿಯಲ್ಲಿ ಬರೆದು ತೋರಿಸಿದ, ಇವರು ಓದಿ ಮತ್ತೆ ಕೂಗಿದರು, ಬಿಲ್ಲು ಸರಿಯಾಯಿತು. ಬೆಂಚಿನ ಪಕ್ಕದ ಫ್ಯಾನು ಚೆನ್ನಾಗಿತ್ತು, ಸ್ವಲ್ಪ ನಿದ್ದೆಯೂ ಬಂತು.

ಸೆಪ್ಟೆಂಬರ್ ೧೨, ಗುರುವಾರ

ಡಾಕ್ಟರ ಕೋಣೆಗೆ ಮೂವರು ಹೋದೆವು. ನಾನು, ಇವರು, ನಮ್ಮಿಬ್ಬರ ಎದುರು ನಿಂತ ಕಂಬ. ಡಾಕ್ಟರು ನನ್ನ ತೋಳು ಎತ್ತಿಸಿದರು. ಭುಜದ ಮಟ್ಟಕ್ಕೆ ಬರುತ್ತದೆ, ಅಲ್ಲಿ ನಡುಗಿ ನಿಲ್ಲುತ್ತದೆ. ಮುಷ್ಟಿ ಕಟ್ಟಿ ಬಿಡಿಸಿ, ಕಟ್ಟಿ ಬಿಡಿಸಿ ಎಂದರು. ನಡೆಸಿ ನೋಡಿದರು. ಹೊಸ ಸ್ಕ್ಯಾನ್ ತೋರಿಸಿ, ಬಾಗಿಲು ತೆರೆದೇ ಇದೆ, ಹುರಿಗೆ ಜಾಗ ಸಿಕ್ಕಿದೆ ಎಂದರು. ಆಮೇಲೆ ಕುರ್ಚಿ ಎಳೆದುಕೊಂಡರು. ಡಾಕ್ಟರು ಕುರ್ಚಿ ಎಳೆದುಕೊಂಡರೆ ಏನು ಬರುತ್ತದೆಂದು ನನಗೆ ಗೊತ್ತು.

"ನಡಿಗೆ ಸುಧಾರಿಸಿದೆ, ಇನ್ನು ಕೆಡೋದನ್ನ ತಡೆದಿದೀವಿ. ತೋಳು ಇನ್ನೊಂಚೂರು ಬರಬಹುದು. ಆದ್ರೆ ಬೆರಳಿನ ಚುರುಕು ಏನು ಬರಬೇಕಿತ್ತೋ ಹೆಚ್ಚುಕಡಿಮೆ ಬಂದಾಯ್ತು. ಕೋರ್ಟಿನ ವೇಗಕ್ಕೆ ಈ ಕೈ ಮತ್ತೆ ಬರೋದು ಕಷ್ಟ. ಆಸೆ ಇಟ್ಕೊಳ್ಳಿ ಅಂತ ನಾನು ಹೇಳಲ್ಲ."

ಕಂಬ ಕೈ ಎತ್ತಿದ. ಆ ಮಾತು ಅವನ ಕೈಯಿಂದ ಹೊರಡುವುದನ್ನು ನೋಡಲು ನನ್ನಿಂದ ಆಗಲಿಲ್ಲ. "ಇರು, ನಾನು ಹೇಳ್ತೀನಿ" ಎಂದೆ. ಅವನು ಇವರನ್ನು ನೋಡಿದ. ಇವರು ತಲೆಯಾಡಿಸಿದರು. ಕಂಬ ಹಿಂದೆ ಸರಿದು ಗೋಡೆಗೆ ನಿಂತ.

ಎಲ್ಲ ಹೇಳಿದೆ. ನಿಧಾನಕ್ಕೆ, ಒಂದೊಂದೇ ಮಾತು ಕೂಡಿಸಿ. ಇನ್ನು ಹೆಚ್ಚು ಬರುವುದಿಲ್ಲ, ಕೋರ್ಟಿನ ಕೆಲಸ ಮುಗಿಯಿತು, ಆಸೆ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳುವುದಿಲ್ಲ. ಕೊನೆಯ ಮಾತಿಗೆ ತೋಳು ನಡುಗಿತು, ಎಡಗೈಯಲ್ಲಿ ಹಿಡಿದುಕೊಂಡು ಮುಗಿಸಿದೆ. ಇವರ ಮುಖ ಬಿಳಿಚಿಕೊಂಡಿತು. ಹೆದರಿದರು. ನೋಡುತ್ತಾ ಕೂತೆ. ಏನು ಮಾಡಲಿ.

ಮನೆಗೆ ಬಂದೆವು. ಅಡುಗೆಮನೆಯಲ್ಲಿ ಕಾಫಿ ಕುಡಿಯುವಾಗ ಇವರು ಲೋಟ ಕೆಳಗಿಟ್ಟು ಅಂದರು: "ಇವತ್ತು ನೀನು ಹೇಳಿದ್ದು ಪೂರ್ತಿ ಅರ್ಥ ಆಯ್ತು."

"ಯಾವತ್ತು ಆಗಿರಲಿಲ್ಲ?"

ಇವರು ಲೋಟವನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು. "ನೀನು ತುಂಬ ಬೇಗ ಮಾತಾಡ್ತಿದ್ದೆ. ನಿನಗೆ ಹುಟ್ಟಿನಿಂದ ಬಂದಿದ್ದು, ನಾನು ದೊಡ್ಡವನಾದ್ಮೇಲೆ ಕಲಿತಿದ್ದು. ಅರ್ಧ ಹಿಡೀತಿದ್ದೆ, ಇನ್ನರ್ಧ ಊಹೆ ಮಾಡ್ಕೊಳ್ತಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. ಈ ಕೈಯನ್ನು ನೋಡಲು ಬೇರೆ ಊರಿನಿಂದ ಕಲಿಯುವವರು ಬರುತ್ತಿದ್ದರು. ಮನೆಯಲ್ಲಿರುವ ಮನುಷ್ಯನಿಗೆ ಅರ್ಧವೇ ತಿಳಿಯುತ್ತಿತ್ತಂತೆ. "ಬಾಯಿ ಇಲ್ವಾ ನಿಮಗೆ? ಊರಿಗೆಲ್ಲ ಕೇಳೋ ಹಾಗೆ ಕೂಗ್ತೀರಿ, ನಿಧಾನಕ್ಕೆ ಹೇಳು ಅನ್ನೋಕೆ ಆಗಲಿಲ್ವಾ?"

"ನೋಡೋಕೆ ಚೆನ್ನಾಗಿತ್ತು" ಎಂದರು. "ನಿಲ್ಲಿಸೋಕೆ ಮನಸ್ಸು ಬರ್ತಿರಲಿಲ್ಲ."

ಲೋಟಗಳನ್ನು ಎತ್ತಿಕೊಂಡು ಹೋಗಿ ತೊಳೆದೆ. ತಿರುಗಿ ನೋಡಿದರೆ ಇವರು ಆ ಗಿಡ್ಡ ಸ್ಟೂಲನ್ನು ನನ್ನ ಕುರ್ಚಿಯ ಎದುರಿಗೆ ತಂದಿಟ್ಟು ಕೂತಿದ್ದರು.

"ನಿಮ್ಮಮ್ಮ ಹೋದ ದಿನ" ಎಂದರು, "ಮಣ್ಣು ಮಾಡಿ ಬಂದ್ಮೇಲೆ ನೀನು ತುಂಬ ಹೊತ್ತು ಏನೋ ಹೇಳ್ತಾ ಇದ್ದೆ. ಅಳ್ತಾ ಅಳ್ತಾ, ಅಷ್ಟು ಬೇಗ. ನನಗೆ ಒಂದೂ ಹಿಡಿಯೋಕಾಗಲಿಲ್ಲ. ತಲೆಯಾಡಿಸ್ತಾ ಕೂತಿದ್ದೆ ಅಷ್ಟೆ. ಏನು ಹೇಳಿದ್ದೆ?"

ನಾನು ಕೂತೆ. ಮೊದಲು ಎಲ್ಲಿಂದ ಶುರು ಮಾಡಿದ್ದೆನೋ ನೆನಪಾಗಲಿಲ್ಲ, ಆಮೇಲೆ ನೆನಪಾಯಿತು. ಅಮ್ಮ ಕೊನೆಯ ದಿನಗಳಲ್ಲಿ ಕಣ್ಣೂ ಮಂಜಾಗಿ, ನನ್ನ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡೇ ಮಾತು ಕೇಳುತ್ತಿದ್ದಳು ಎಂಬಲ್ಲಿಂದ. ಭುಜ ಸೋತಾಗ ನಿಲ್ಲಿಸಿದೆ, ತೋಳನ್ನು ಮಡಿಲಿಗಿಳಿಸಿ ಮತ್ತೆ ಹೇಳಿದೆ. ಅರ್ಧವೂ ಆಗಿರಲಿಲ್ಲ, ಹೊರಗೆ ಬೆಳಕು ಇಳಿಯಿತು, ನನ್ನ ಕೈ ನನಗೇ ಮಸುಕಾಯಿತು. ಇವರು ಎದ್ದು ದೀಪ ಹಾಕಿ, ಬಂದು, ಮತ್ತೆ ಎದುರಿಗೆ ಕೂತರು.